ಹುಣಸೆಬೀಜದ ಸರಾಸರಿ

ನನಗೆ ಒಂಬತ್ತು ಮೆಟ್ಟಿಲು. ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮೂರಲ್ಲಿ ಒಂಬತ್ತು ಮೆಟ್ಟಿಲಿನವರು ಇಬ್ಬರೇ ಇದ್ದೆವು, ನಾನು ಮತ್ತು ಅಂಚೆ ಹಂಚುತ್ತಿದ್ದ ಒಬ್ಬರು. ಅವರು ತೀರಿಕೊಂಡ ಮೇಲೆ ನಾನೊಬ್ಬನೇ ಉಳಿದೆ. ಕೆಳಕೇರಿಯಿಂದ ಮೇಲ್ಕೇರಿಗೆ ಹತ್ತುವ ಕಲ್ಲುಗಳು ಎಲ್ಲರಿಗೂ ಅವೇ, ಗುಡ್ಡವೂ ಅದೇ, ಬೇರೆ ದಾರಿಯಂತೂ ಇಲ್ಲ. ಆದರೆ ಹತ್ತುವವರು ಯಾರೋ ಅವರಿಗೆ ತಕ್ಕಷ್ಟು ಮೆಟ್ಟಿಲು. ದರ್ಜಿ ಮೌಲಾಸಾಬರಿಗೆ ನಲವತ್ತು, ಅವರ ಹೆಂಡತಿಗೆ ಇಪ್ಪತ್ತೆರಡು. ನಾನೂ ಮೌಲಾಸಾಬರೂ ಒಟ್ಟಿಗೆ ಏರಲು ಶುರು ಮಾಡಿದರೆ ಅವರು ಮಾತು ತೆಗೆಯುವಷ್ಟರಲ್ಲಿ ನಾನು ಮೇಲಿರುತ್ತೇನೆ, ಉಳಿದ ಮಾತನ್ನು ಅವರು ಒಬ್ಬರೇ ಆಡಿಕೊಂಡು ಬರುತ್ತಾರೆ. ಏರುವಾಗ ಎಷ್ಟೋ ಇಳಿಯುವಾಗಲೂ ಅಷ್ಟೇ. ಯಾಕೆ ಹೀಗೆ ಎಂದು ಹೊರಗಿನವರು ಕೇಳುತ್ತಾರೆ. ನಾವು ಕೇಳುವುದಿಲ್ಲ. ಬೇರೆ ಊರುಗಳಲ್ಲಿ ಎದುರಾದವರನ್ನು ಊಟ ಆಯಿತೇ ಎಂದು ಮಾತಾಡಿಸುವ ಕಡೆ ನಾವು ‘ಎಷ್ಟಾದ್ವು?’ ಎನ್ನುತ್ತೇವೆ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತೇವೆ.

ಒಂದು ಕಟ್ಟಳೆ ಮಾತ್ರ ಇತ್ತು. ಮೆಟ್ಟಿಲ ಮೇಲೆ ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಮುಟ್ಟಿದರೆ ಒಬ್ಬರ ಮೆಟ್ಟಿಲು ಇನ್ನೊಬ್ಬರಿಗೆ ಅಂಟಿಕೊಂಡು ಜನ್ಮ ಪೂರ್ತಿ ಬಿಡುವುದಿಲ್ಲವೆಂದು ಎಲ್ಲರ ಅಜ್ಜಿಯರೂ ಹೇಳಿದ್ದಾರೆ. ಮದುವೆಯ ದಿಬ್ಬಣ ಬಂದರೆ ಹೆಣ್ಣುಗಂಡಿನ ಸೆರಗು ಶಲ್ಯದ ಗಂಟನ್ನು ಕೆಳಗಿನ ಕಟ್ಟೆಯ ಬಳಿ ಬಿಚ್ಚುತ್ತಾರೆ, ಮೇಲೆ ಹೋಗಿ ಮತ್ತೆ ಕಟ್ಟುತ್ತಾರೆ. ಕಂಕುಳ ಕೂಸಿಗಷ್ಟೇ ವಿನಾಯಿತಿ, ಏಕೆಂದರೆ ಇನ್ನೂ ನೆಲಕ್ಕೆ ಕಾಲೂರದ ಕೂಸಿಗೆ ತನ್ನದೆಂದು ಒಂದು ಮೆಟ್ಟಿಲೂ ಇರುವುದಿಲ್ಲ. ನನ್ನ ಹೆಂಡತಿ ಕಮಲಾಕ್ಷಿಗೆ ನೂರಾ ಇಪ್ಪತ್ತೊಂದಿದ್ದವು. ಸಂತೆಯಿಂದ ಬರುವಾಗ ನಾನು ಒಂಬತ್ತು ಏರಿ ಮೇಲಿನ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತ ಅವಳಿಗಾಗಿ ಕಾಯುತ್ತಿದ್ದೆ. ಅವಳು ಬಂದು ಸೆರಗಿನಿಂದ ಮುಖ ಒರೆಸಿಕೊಂಡು, ನನಗೇನಾದರೂ ಉಳಿಸಿದ್ದೀರೋ ಇಲ್ಲವೋ ಎಂದು ಅಂಗೈ ಚಾಚುತ್ತಿದ್ದಳು. ಅರ್ಧ ದಾರಿಯಲ್ಲಿ ಒಂದು ಕಲ್ಲಿಗೆ ಆಮೆ ಕೆತ್ತಿದ್ದಾರೆ, ಅದರ ಬೆನ್ನಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತೇನೆ ಎಂದೂ ಹೇಳುತ್ತಿದ್ದಳು. ಅಂಥದೊಂದು ಆಮೆಯೇ ಇಲ್ಲವೆಂದು ನಾನು ವಾದಿಸುತ್ತಿದ್ದೆ. ಆ ಮೆಟ್ಟಿಲನ್ನು ನಲವತ್ತು ವರ್ಷ ಹತ್ತಿದವನು ನಾನು, ನನಗೆ ಗೊತ್ತಿಲ್ಲವೇ? ಅವಳು ಹೋಗಿ ಆರು ವರ್ಷವಾಯಿತು.

ಹೋದ ಮಾಘದಲ್ಲಿ ಪುರಸಭೆಯವರು ಮೆಟ್ಟಿಲ ಪಕ್ಕದಲ್ಲಿ ರಾಟೆಯ ಕುರ್ಚಿ ಹಾಕಿಸುವ ಮಾತೆತ್ತಿದರು. ಬಾವಿಯಿಂದ ಕೊಡ ಸೇದುವಂತೆ ಮನುಷ್ಯರನ್ನು ಹಗ್ಗದಿಂದ ಮೇಲಕ್ಕೆ ಸೇದುವ ಕುರ್ಚಿ. ಊರಿಗೆ ಅದರ ಅಗತ್ಯ ಇದೆಯೋ ಇಲ್ಲವೋ ಎಂದು ಮೊದಲು ಅಧ್ಯಯನ ಆಗಲಿ ಎಂದರು ಅಧ್ಯಕ್ಷರಾದ ಚಿದಾನಂದಪ್ಪನವರು. ಅಧ್ಯಯನ ಹೇಗೆ ಎಂಬಲ್ಲಿ ಸಭೆ ಎರಡು ಹೋಳಾಯಿತು. ಅರ್ಧ ಜನ ಮೆಟ್ಟಿಲು ಎಣಿಸಿ ಎಂದರು, ಉಳಿದರ್ಧ ಏರುವವರನ್ನು ಕೇಳಿ ಎಂದರು. ಕೊನೆಗೆ ಎಣಿಸುವುದಕ್ಕೆ ನನ್ನನ್ನು ಹಾಕಿದರು. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದ ಗುರುಪಾದಪ್ಪ ಮಾಸ್ತರ ನಾನು. ಕೇಳುವುದಕ್ಕೆ ಅದೇ ಶಾಲೆಯಲ್ಲಿ ಅಷ್ಟೇ ವರ್ಷ ಕನ್ನಡ ಕಲಿಸಿದ ಚಂಪಾಬಾಯಿಯವರನ್ನು ಹಾಕಿದರು. ಊರೆಲ್ಲ ಅವರನ್ನು ಬಾಯಾರು ಎನ್ನುತ್ತದೆ, ನಾನೂ ಹಾಗೇ ಎನ್ನುತ್ತೇನೆ. ಅಷ್ಟೂ ವರ್ಷ ನಾವಿಬ್ಬರೂ ಒಂದೇ ಮಾತಿಗೆ ಬಂದದ್ದು ಯಾರಿಗೂ ನೆನಪಿಲ್ಲ. ಠರಾವು ಸ್ಪಷ್ಟವಾಗಿತ್ತು: ಊರಿನ ಸರಾಸರಿ ನೂರು ಮೆಟ್ಟಿಲು ದಾಟಿದರೆ ಕುರ್ಚಿ, ಇಲ್ಲದಿದ್ದರೆ ಇಲ್ಲ, ಜನರ ದೂರು ಬಹಳವಿದ್ದರೆ ಮಾತ್ರ ಮರುವಿಚಾರ.

ನನ್ನ ಏರ್ಪಾಡು ಅಚ್ಚುಕಟ್ಟಾಗಿತ್ತು. ಮೆಟ್ಟಿಲೇರುವವರಿಗೆಲ್ಲ ಒಂದೊಂದು ಸಣ್ಣ ಬಟ್ಟೆಚೀಲ, ನೂರು ಹುಣಸೆಬೀಜ. ಬೀಜವನ್ನು ಉಡಿಯಲ್ಲೋ ಕಿಸೆಯಲ್ಲೋ ಇಟ್ಟುಕೊಂಡು ಮೆಟ್ಟಿಲಿಗೊಂದರಂತೆ ಚೀಲಕ್ಕೆ ಹಾಕಬೇಕು, ಮೇಲೆ ಇಟ್ಟ ಹಂಡೆಯೊಳಗೆ ಚೀಲ ಬಿಟ್ಟು ಹೋಗಬೇಕು. ಬೀಜ ಸಾಲದವರು ಮನೆಯಿಂದ ತಂದುಕೊಳ್ಳಲಿ, ಹುಣಸೆಬೀಜ ಇಲ್ಲದ ಅಡುಗೆಮನೆ ಯಾವುದು? ಚೀಲದ ಮೇಲೆ ಹೆಸರು ಬರೆಯುವಂತಿಲ್ಲ. ಹೆಸರು ಕಂಡರೆ ಎಣಿಸುವವನ ಮನಸ್ಸು ವಾಲುತ್ತದೆ. ಬಾಯಾರು ಇದಕ್ಕೆ ತದ್ವಿರುದ್ಧ. ಅವರು ಕೆಳಗಿನ ಕಟ್ಟೆಯ ಮೇಲೆ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಕೂತರು, ಬಂದವರಿಗೆ ಒಂದು ಲೋಟ ಕೊಟ್ಟು, ಏರುವಾಗ ಏನೇನು ಅನ್ನಿಸುತ್ತದೆ ಎಂದು ಕೇಳಿ, ಹೇಳಿದ್ದನ್ನು ಹೇಳಿದ ಹಾಗೆ ವಹಿಯಲ್ಲಿ ಬರೆದುಕೊಂಡರು. ಯಾರೋ ತಮಗೆ ಹದಿನೈದನೆಯ ಮೆಟ್ಟಿಲಲ್ಲಿ ದಿನಾ ಒಗ್ಗರಣೆಯ ವಾಸನೆ ಬರುತ್ತದೆ ಎಂದರಂತೆ, ಅದೂ ವಹಿಯಲ್ಲಿದೆ. ಒಂದು ತಿಂಗಳಲ್ಲಿ ನನ್ನ ಹಂಡೆಗೆ ಮುನ್ನೂರಕ್ಕೂ ಹೆಚ್ಚು ಚೀಲ ಬಿದ್ದವು, ಅವರ ವಹಿಗೆ ನಲವತ್ತು ಜನ ಬಂದರು. ನಲವತ್ತು ಜನರ ಹರಟೆಯಿಂದ ಊರಿನ ಸತ್ಯ ಹೇಗೆ ತಿಳಿಯುತ್ತದೆ ಎಂದು ನಾನು ಚುಚ್ಚಿದೆ.

“ನಿಮ್ಮ ಬೀಜಕ್ಕ ಬಾಯಿ ಇಲ್ಲ, ಮಾಸ್ತರ್ರ,” ಎಂದರು ಬಾಯಾರು, ತಲೆ ಎತ್ತದೆ.

“ನಿಮ್ಮ ವಹಿಗೆ ಬೆರಳಿಲ್ಲ,” ಎಂದೆ.

ಲೆಕ್ಕ ಹಾಕಿದಾಗ ಮುನ್ನೂರ ಹನ್ನೆರಡು ಚೀಲಗಳ ಸರಾಸರಿ ನಲವತ್ತಮೂರು ಬಂತು. ಮೂರು ಚೀಲಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಿಟಕಿಯ ಮೇಲಿಟ್ಟಿದ್ದೆ. ಎರಡು ಚೀಲಗಳ ಬಾಯಿಯನ್ನು ಒಂದೇ ದಾರದಿಂದ ಕಟ್ಟಿದ್ದರು, ಎರಡರಲ್ಲೂ ಸರಿಯಾಗಿ ಐವತ್ತೈವತ್ತು ಬೀಜ, ಎರಡಕ್ಕೂ ಸೆರೆಯ ವಾಸನೆ. ಅವು ಸಂಜೆಯ ಜೋಡಿ ಕುಡುಕರಾದ ಕಲ್ಲಪ್ಪ ಮತ್ತು ಯಂಕೋಬನವು ಎಂದು ತಿಳಿಯಲು ಹೆಸರು ಬೇಕಿರಲಿಲ್ಲ. ಮೂರನೆಯದರಲ್ಲಿ ಏಳುನೂರ ಹನ್ನೊಂದು ಬೀಜ. ನಮ್ಮೂರಲ್ಲಿ ಇನ್ನೂರು ದಾಟಿದವರನ್ನೇ ನಾನು ಕಂಡಿರಲಿಲ್ಲ. ಯಾರೋ ತುಂಟರು ಮನೆಯ ಬೀಜವನ್ನೆಲ್ಲ ಸುರಿದಿದ್ದಾರೆಂದು ‘ತಪ್ಪು’ ಎಂದು ಚೀಟಿ ಬರೆದು ಅಂಟಿಸಿದೆ. ಅತ್ತ ಬಾಯಾರ ವಹಿಯಲ್ಲೂ ದೂರುಗಳಿರಲಿಲ್ಲ. ನಲವತ್ತರಲ್ಲಿ ಮೂವತ್ತೆಂಟು ಜನ ನಡೆಯುತ್ತದೆ, ಏನು ಮಹಾ ಎಂದಿದ್ದರು. ಅಂಕಿಯೂ ಕುರ್ಚಿ ಬೇಡ ಎಂದಿತು, ಮಾತೂ ಬೇಡ ಎಂದಿತು. ನಾವಿಬ್ಬರೂ ಒಂದೇ ಮಾತಿಗೆ ಬಂದದ್ದು ಅದೇ ಮೊದಲು. ಸಂಶಯ ಬರಬೇಕಾದದ್ದು ಅಲ್ಲಿಯೇ.

ಎರಡು ವರದಿ ಓದುವ ಪುರುಸೊತ್ತು ಯಾರಿಗಿದೆ, ಒಂದೇ ಮಾಡಿ ಕೊಡಿ ಎಂದು ಅಧ್ಯಕ್ಷರು ಹೇಳಿ ಕಳಿಸಿದ್ದರಿಂದ ಬಾಯಾರು ವಹಿಗಳನ್ನು ಹಿಡಿದು ಮೇಲ್ಕೇರಿಯ ನನ್ನ ಮನೆಗೆ ಬಂದರು. ನಾನು ಚಹಾ ಮಾಡಿ ತರುವಷ್ಟರಲ್ಲಿ ಅವರ ಕೈಯಲ್ಲಿ ಕಿಟಕಿಯ ಮೇಲಿನ ದೊಡ್ಡ ಚೀಲವಿತ್ತು. ನಾನು ಕೊಟ್ಟ ಚೀಲ ಅಷ್ಟು ದೊಡ್ಡದಲ್ಲ. ಅದರ ಬಾಯಿಗೆ ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಯಾರೋ ಉದ್ದ ಮಾಡಿದ್ದರು. ಒತ್ತೊತ್ತಾಗಿ ಸಣ್ಣ ಹೊಲಿಗೆ, ಮೂಲೆಗೊಂದು ಕೆಂಪು ಬಟ್ಟೆಯ ಮಡಿಕೆ. ಬೀಜ ಎಣಿಸುವಾಗ ನಾನು ಅದನ್ನು ನೋಡಿಯೇ ಇರಲಿಲ್ಲ. ಬಾಯಾರು ಹೊಲಿಗೆಯ ಮೇಲೆ ಬೆರಳಾಡಿಸಿದರು, ಆಮೇಲೆ ವಹಿ ತೆರೆದು ಹಾಳೆ ಹುಡುಕಿದರು. ಮೂಲೆಗೆ ಹಾಗೆ ಕೆಂಪು ಮಡಿಚಿ ಹೊಲಿಯುವವಳು ಊರಿಗೆ ಒಬ್ಬಳೇ, ಕೆಳಕೇರಿಯಲ್ಲಿ ಕೌದಿ ಹೊಲಿಯುವ ಸಾವಂತ್ರೆವ್ವ. ಅವಳೂ ಮಜ್ಜಿಗೆ ಕುಡಿದು ಮಾತಾಡಿ ಹೋಗಿದ್ದಳು. ಬಾಯಾರು ಓದಿದರು: “ನನಗೇನ ತ್ರಾಸಿಲ್ರೀ ಬಾಯಾರ. ಮಗಳು ಮ್ಯಾಲ ಅದಾಳ, ನಾ ಕೆಳಗ ಅದೀನಿ. ನಡೀತದ.” ಪಕ್ಕದಲ್ಲಿ ಬಾಯಾರೇ ಬರೆದ ಟಿಪ್ಪಣಿ ಇತ್ತು: ಸಮಾಧಾನಿ. ಚಹಾ ಆರಿಹೋಯಿತು. ನನ್ನ ಚೀಟಿಯಲ್ಲಿ ತಪ್ಪು, ಅವರ ವಹಿಯಲ್ಲಿ ಸಮಾಧಾನಿ.

ಕೆಳಗೆ ಹೋದೆವು. ಬಾಯಾರಿಗೆ ಮೂವತ್ತು ಮೆಟ್ಟಿಲು, ಅವರು ಇಳಿದು ಬರುವವರೆಗೆ ನಾನು ಕೆಳಗಿನ ಕಟ್ಟೆಯ ಬಳಿ ನಿಂತಿದ್ದೆ. ಸಾವಂತ್ರೆವ್ವ ಬಾಗಿಲಲ್ಲೇ ಕೂತು ಹೊಲಿಯುತ್ತಿದ್ದಳು, ಮೊಳದುದ್ದದ ಕೂಸಿನ ಕೌದಿ. ಐವತ್ತೈದರ ಆಸುಪಾಸು, ಗಟ್ಟಿ ಹೆಂಗಸು. ಚೀಲ ನೋಡಿ ನಕ್ಕು, ಬೀಜ ಹಿಡಿಸಲಿಲ್ಲ ಎಂದು ಬಾಯಿ ಉದ್ದ ಮಾಡಿದೆ, ಬೈಬೇಡಿ ಎಂದಳು. ಗಂಡ ಇರುವಾಗ ಅವಳಿಗೂ ತೊಂಬತ್ತೇ ಇದ್ದವಂತೆ. ಅವನು ಹೋದ ವರ್ಷ ಇನ್ನೂರಾದವು, ಆಮೇಲೆ ನಿಲ್ಲಲಿಲ್ಲ. ನನ್ನ ಬೀಜ ಎಣಿಸಿದ ದಿನ ಬೆಳಕು ಹರಿಯುವಾಗ ಹೊರಟವಳು ದೀಪ ಹಚ್ಚುವ ಹೊತ್ತಿಗೆ ಮೇಲೆ ಮುಟ್ಟಿದ್ದಳು. ನಡುವೆ ಬಿಟ್ಟರೆ ಮಾಸ್ತರರ ಲೆಕ್ಕ ಕೆಡುತ್ತದೆಂದು ಬಿಡಲಿಲ್ಲವಂತೆ. ಅದರ ಮರುದಿನವೇ ಕಾಂಪೌಂಡರ್ ಎದೆ ಬಡಿತ ಕೇಳಿ, ಇನ್ನೊಮ್ಮೆ ಹೀಗೆ ಏರಿದರೆ ಇಳಿಯುವುದಿಲ್ಲ ಎಂದಿದ್ದರು. ಆದರೂ ಕಳೆದ ಸೋಮವಾರ ಪ್ರಯತ್ನ ಮಾಡಿದ್ದಳು. ಇನ್ನೂರ ನಲವತ್ತರವರೆಗೆ ಆರಾಮ, ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟರೆ ಎದೆ ಹಿಡಿಯುತ್ತದೆ. ಮೇಲ್ಕೇರಿಯಲ್ಲಿ ಅವಳ ಒಬ್ಬಳೇ ಮಗಳು ನೀಲವ್ವನಿಗೆ ದಿನ ತುಂಬಿತ್ತು. ಬಸಿರು ನಿಲ್ಲುವುದೇ ಕಷ್ಟವಾಗಿ ಮೂರು ತಿಂಗಳಿಂದ ಮಂಚ ಬಿಟ್ಟು ಇಳಿಯಕೂಡದೆಂದಿದ್ದರು.

ಸಾವಂತ್ರೆವ್ವ ಕೌದಿಯ ದಾರ ಕಡಿದು, ಮಡಿಚಿ ಬಾಯಾರ ಕೈಗೆ ಕೊಟ್ಟಳು. “ಮೊದಲನೇ ಹೆರಿಗಿ ತವರಾಗ ಆಗಬೇಕ್ರಿ. ಅಕಿಗೆ ಇಳೀಲಿಕ್ಕಾಗೂದಿಲ್ಲ, ನನಗ ಏರಲಿಕ್ಕಾಗೂದಿಲ್ಲ. ನಾ ಹೋಗದಿದ್ರ ಕೌದೀನಾದ್ರೂ ಹೋಗ್ಲಿ.”

ಮೊದಲು ಯಾಕೆ ಹೇಳಲಿಲ್ಲ ಎಂದು ಬಾಯಾರು ಕೇಳಿದರು. ಮಜ್ಜಿಗೆ ಕೊಟ್ಟು ಕೂಡಿಸಿ ಮಾತಾಡಿಸಿದವರ ಮುಂದೆ ಅಳುವುದು ಚೆಂದವೇ ಎಂದು ಅವಳು ಕೇಳಿದಳು.

ಮನೆಗೆ ಬಂದು ಅವಳ ಚೀಲವನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದೆ. ಸರಾಸರಿ ನಲವತ್ತೈದಾಯಿತು, ನೂರು ಎಲ್ಲಿ, ನಲವತ್ತೈದು ಎಲ್ಲಿ. ಒಬ್ಬ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ಏರಿದ ಏಳುನೂರ ಹನ್ನೊಂದು ಮೆಟ್ಟಿಲುಗಳು ಮುನ್ನೂರ ಹದಿಮೂರು ಜನರ ನಡುವೆ ಕರಗಿ ಬರೀ ಎರಡಾದವು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಮೂವತ್ತು ವರ್ಷ ನಾನು ಮಕ್ಕಳಿಗೆ ಕಲಿಸಿದ್ದು ಅದನ್ನೇ. ಆ ದಿನ ಮಾತ್ರ ಆ ಎರಡನ್ನು ನೋಡಲಾಗದೆ ಹಾಳೆಯನ್ನು ಮಗುಚಿಟ್ಟೆ.

ಮರುದಿನ ಬಾಯಾರು ಮತ್ತೆ ಬಂದರು. ಈ ಸಲ ನಾವು ಪಡಸಾಲೆಯ ನೆಲದ ಮೇಲೆ ಚೀಲಗಳನ್ನೂ ವಹಿಗಳನ್ನೂ ಒಟ್ಟಿಗೆ ಹರಡಿದೆವು. ಯಾರ ಮಾತಿಗೆ ಯಾವ ಚೀಲ ಹೊಂದುತ್ತದೆ ಎಂದು ಅವರು ಓದುತ್ತ, ನಾನು ಎಣಿಸುತ್ತ ಹೋದೆವು. ಕುಡುಕರ ಚೀಲ ಬಂದಾಗ ಅದನ್ನು ಬದಿಗಿಡಿ ಎಂದೆ. ಬಾಯಾರು ಇಡಲಿಲ್ಲ. ವಹಿಯಲ್ಲಿ ಕಲ್ಲಪ್ಪನ ಮಾತು ಹೀಗಿತ್ತು: “ನನಗ ಹದಿನಾರು, ಯಂಕೋಬಗ ಎಂಬತ್ನಾಕ್ರಿ. ಸಂಜೀಕ ಮಾತ್ರ ಇಬ್ಬರಿಗೂ ಐವತ್ತು ಬರ್ತಾವ. ಕುಡದಾಗ ಲೆಕ್ಕ ತಪ್ಪತದಲ್ಲ. ಮುಂಜಾನೆ ಮತ್ತ ನಂದು ನನಗ, ಅವಂದು ಅವಗ.” ಸಂಜೆ ಅವರಿಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಏರುತ್ತಾರೆ, ಇಲ್ಲದಿದ್ದರೆ ಇಬ್ಬರೂ ನಿಲ್ಲಲಾರರು. ಕುಡುಕರಿಗೆ ಕಟ್ಟಳೆ ಎಲ್ಲಿಯದು ಎಂದು ಊರೂ ಸುಮ್ಮನಿತ್ತು. ಹದಿನಾರು, ಎಂಬತ್ತನಾಲ್ಕು. ನಾನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದೆ. ಕೂಡಿಸಿದರೆ ನೂರು, ಇಬ್ಬರಿಗೆ ಹಂಚಿದರೆ ಐವತ್ತು.

ಒಂದೇ ಉದಾಹರಣೆಗೆ ನಾನು ಬಗ್ಗುವವನಲ್ಲ. ಕೂಸು ಕಂಕುಳಲ್ಲಿದ್ದರೆ ಮೆಟ್ಟಿಲು ಹಗುರಾಗುತ್ತವೆ ಎಂದು ಮೂವರು ತಾಯಂದಿರು ಹೇಳಿದ್ದು ವಹಿಯಲ್ಲಿತ್ತು. ಪಕ್ಕದಲ್ಲಿ ಬಾಯಾರು ‘ಮಮತೆ’ ಎಂದು ಬರೆದಿದ್ದರು. ಹಗುರವೆಂದರೆ ಎಷ್ಟು ಹಗುರ ಎಂದು ಕೇಳಿದೆ. ಕೇಳಿರಲಿಲ್ಲ. ಬಾಯಾರು ಎದ್ದು ಹೋಗಿ, ಮೂವರನ್ನೂ ಕಂಡು ಸಂಜೆಯೊಳಗೆ ಬಂದರು. ಒಬ್ಬಳಿಗೆ ಅರವತ್ನಾಲ್ಕು, ಕೂಸಿನ ಜೊತೆ ಮೂವತ್ತೆರಡು. ಇನ್ನೊಬ್ಬಳಿಗೆ ಐವತ್ತು, ಕೂಸಿನ ಜೊತೆ ಇಪ್ಪತ್ತೈದು. ಮೂರನೆಯವಳಿಗೂ ಸರಿ ಅರ್ಧ. ಮಮತೆಯೂ ನಿಜವೇ ಇರಬಹುದು, ಆದರೆ ಅದು ಇಷ್ಟು ಸರಿಯಾಗಿ ಭಾಗಿಸುತ್ತದೆಂದು ನಾವಿಬ್ಬರೂ ಎಣಿಸಿರಲಿಲ್ಲ. ಅಂಟುವುದೂ ಇಲ್ಲ, ಉಳಿಯುವುದೂ ಇಲ್ಲ. ಹಿಡಿದಷ್ಟು ಹೊತ್ತು ಹಂಚಿಕೆ, ಬಿಟ್ಟರೆ ಅವರವರದು ಅವರವರಿಗೆ.

ನಿಜ ಹೇಳಬೇಕೆಂದರೆ ಆಗ ನಾನು ಮೊದಲು ಮಾಡಿದ ಲೆಕ್ಕ ಸಾವಂತ್ರೆವ್ವನದಲ್ಲ. ಒಂಬತ್ತು ಮತ್ತು ನೂರಾ ಇಪ್ಪತ್ತೊಂದು, ಎರಡಕ್ಕೆ ಹಂಚಿದರೆ ಅರವತ್ತೈದು. ಅಷ್ಟು ವರ್ಷ, ವಾರಕ್ಕೊಂದು ಸಂತೆ, ನಾನು ಮೇಲೆ ಕೂತು ಶೇಂಗಾ ತಿಂದೆ. ಕೈ ಕೊಟ್ಟಿದ್ದರೆ ಐವತ್ತಾರು ಮೆಟ್ಟಿಲು ಅವಳಿಗೆ ಕಡಿಮೆಯಾಗುತ್ತಿದ್ದವು. ಬಾಯಾರು ನೆಲದ ಮೇಲಿನ ಅಂಕಿ ನೋಡಿದರು, ಯಾರದೆಂದು ಅವರಿಗೆ ತಿಳಿಯಿತು. ನನ್ನ ಮುಂದಿದ್ದ ಚೀಲಗಳನ್ನು ಒಂದೊಂದಾಗಿ ಕಟ್ಟುತ್ತ ಕೂತರು. ನನಗೆ ಅಳು ಬಂತು. ಅತ್ತೆ.

ಮರುದಿನ ಬೆಳಿಗ್ಗೆ ನೀಲವ್ವನಿಗೆ ನೋವು ಶುರುವಾಗಿದೆ ಎಂಬ ಸುದ್ದಿ ಬಂತು. ಸಂಜೆಯೊಳಗೆ ಆಗುತ್ತದೆ, ಹುಡುಗಿ ಅವ್ವ ಅವ್ವ ಎನ್ನುತ್ತಿದ್ದಾಳೆ ಎಂದು ಸೂಲಗಿತ್ತಿ ಹೇಳಿ ಕಳಿಸಿದ್ದಳು. ನಾನೂ ಬಾಯಾರೂ ಇಳಿದು ಹೋಗುವಷ್ಟರಲ್ಲಿ ಸಾವಂತ್ರೆವ್ವ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಏರಿಯೇ ಬಿಡುವವಳ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಬಾಯಾರು ನಮ್ಮ ಲೆಕ್ಕವನ್ನು ಅವಳಿಗೆ ಬಿಡಿಸಿ ಹೇಳಿದರು. ಕಟ್ಟೆಯ ಸುತ್ತ ಹತ್ತಿಪ್ಪತ್ತು ಜನರಿದ್ದರು, ನೀರಿಗೆ ಬಂದವರು, ಮೇಲೆ ಕೆಲಸಕ್ಕೆ ಹೊರಟವರು. ಅವರೆದುರಿಗೇ ನಾನು ಕೈ ಚಾಚಿದೆ. ಸಾವಂತ್ರೆವ್ವ ಎರಡು ಹೆಜ್ಜೆ ಹಿಂದೆ ಸರಿದಳು.

“ಬ್ಯಾಡ್ರಿ ಮಾಸ್ತರ್ರ. ನಿಮ್ಮ ಒಂಬತ್ತು ಹಾಳಾಗ್ತಾವ.”

“ಆಗ್ಲಿ ಬಿಡವ್ವ. ಒಂಬತ್ತನ್ನ ಇಟ್ಕೊಂಡು ನಾ ಏನ ಮಾಡ್ಲಿ?” ಎಂದೆ.

ಅವಳು ಕೈ ಕೊಟ್ಟಳು. ಸೂಜಿ ಹಿಡಿದು ಗಟ್ಟಿಯಾದ ಬೆರಳುಗಳು. ನಾನು ಲೆಕ್ಕ ಹಾಕಿದೆ: ಇಬ್ಬರಾದರೆ ಮುನ್ನೂರ ಅರವತ್ತು, ಆಗುವುದಿಲ್ಲ. ಬಾಯಾರು ಅವಳ ಇನ್ನೊಂದು ಕೈ ಹಿಡಿದರು. ಮೂವರಾದರೆ ಇನ್ನೂರೈವತ್ತು. ಅವಳ ಎದೆ ತಾಳುವುದು ಇನ್ನೂರ ನಲವತ್ತು. ಹತ್ತೇ ಹತ್ತು ಹೆಚ್ಚು. ಹತ್ತು ತಾನೇ, ಏರಿಬಿಡುತ್ತೇನೆ ಎಂದಳು ಸಾವಂತ್ರೆವ್ವ. ಹತ್ತು ಎನ್ನುವುದು ಸಣ್ಣ ಅಂಕಿಯಲ್ಲ ಎಂದು ನಾನು ಅವಳಿಗೆ ಗದರಿದೆ. ಜನ ನೋಡುತ್ತ ನಿಂತಿದ್ದರು. ಯಾರೂ ಹತ್ತಿರ ಬರಲಿಲ್ಲ, ಅಜ್ಜಿಯರ ಮಾತು ಅಷ್ಟು ಬೇಗ ಬಿಡುತ್ತದೆಯೇ? ಆಗ ಕಟ್ಟೆಯ ಹಿಂದಿನಿಂದ ಕಲ್ಲಪ್ಪ ಎದ್ದು ಬಂದ, ಜೊತೆಗೆ ಯಂಕೋಬ. ಇಬ್ಬರೂ ಬೆಳಗಿನ ಹೊತ್ತಾದ್ದರಿಂದ ಎಚ್ಚರದಲ್ಲಿದ್ದರು, ಅದಕ್ಕೇ ಸ್ವಲ್ಪ ನಾಚಿಕೊಂಡಿದ್ದರು.

“ನಮಗ ಇದು ರೂಢಿ ಅದ, ಮಾಸ್ತರ್ರ,” ಎಂದ ಕಲ್ಲಪ್ಪ. “ಏನೂ ಅಂಟೂದಿಲ್ಲ. ಹತ್ತು ವರ್ಷದಿಂದ ನೋಡಾಕತ್ತೀವಿ.”

ಅವನು ಬಾಯಾರ ಆಚೆ ನಿಂತ, ಯಂಕೋಬ ಅವನಾಚೆ. ಐವರಾದರೆ ನೂರ ಎಪ್ಪತ್ತು ಎಂದು ನಾನು ಕೂಗಿ ಹೇಳಿದೆ. ಸಾವಂತ್ರೆವ್ವ ಉಸಿರು ಬಿಟ್ಟಳು. ಹೊರಡೋಣ ಎನ್ನುವಷ್ಟರಲ್ಲಿ ನನ್ನ ಖಾಲಿ ಕೈಯನ್ನು ಯಾರೋ ಹಿಡಿದರು, ನೋಡಿದರೆ ಮೌಲಾಸಾಬರು. ನಿಮ್ಮ ಜೊತೆ ಏರುತ್ತ ಒಮ್ಮೆಯಾದರೂ ಮಾತು ಮುಗಿಸುವ ಆಸೆ ನನಗೆ ಎಂದರು. ಅವರ ಆಚೆ ಅವರ ಹೆಂಡತಿ, ಆಕೆಯ ಆಚೆ ಕೊಡ ಇಳಿಸಿಟ್ಟ ಒಬ್ಬಳು, ಆಮೇಲೆ ಯಾರು ಯಾರೋ. ಮೆಟ್ಟಿಲು ಎತ್ತಿನ ಗಾಡಿಯಷ್ಟೇ ಅಗಲ, ಸಾಲು ನಿಲ್ಲಲಾಗದೆ ಹಿಂದಕ್ಕೆ ಬಳಸಿಕೊಂಡಿತು. ಹಾಗೇ ಏರಿದೆವು.

ಒಂಬತ್ತು ಮೆಟ್ಟಿಲಾದ ಮೇಲೆ ಮತ್ತೊಂದು ಮೆಟ್ಟಿಲು ಬಂತು. ಹತ್ತನೆಯ ಮೆಟ್ಟಿಲನ್ನು ನಾನು ಜೀವನದಲ್ಲಿ ನೋಡಿರಲಿಲ್ಲ. ಕಲ್ಲಿನ ಸಂದಿಯಲ್ಲಿ ಯಾರೋ ಅರಿಶಿನ ಹಚ್ಚಿದ್ದರು, ಇನ್ನೊಂದೆಡೆ ಯಾರೋ ಕಾಲೂರಿ ಕಾಲೂರಿ ಕಲ್ಲು ಬಟ್ಟಲಿನಂತೆ ಸವೆದಿತ್ತು. ಹಿಂತಿರುಗಿ ನೋಡಿದರೆ ಕೆಳಕೇರಿಯ ಮಾಳಿಗೆಗಳ ಮೇಲೆ ಒಣಹಾಕಿದ ಮೆಣಸಿನಕಾಯಿ ಕಾಣುತ್ತಿತ್ತು. ನನಗೆ ಬೆವರು ಬಂತು, ಮೊಣಕಾಲು ನೊಂದವು. ಮೌಲಾಸಾಬರು ತಮ್ಮ ತಂಗಿಯ ಮದುವೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿದರು. ಸಾವಂತ್ರೆವ್ವ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಅರ್ಧ ದಾರಿ ಬಂದಿರಬಹುದು, ಎಡಗಡೆಯ ಕಲ್ಲಿನ ಮೇಲೆ ಆಮೆ ಇತ್ತು. ಅಂಗೈಯಗಲದ್ದಲ್ಲ, ಒಬ್ಬರು ಕೂರುವಷ್ಟು ದೊಡ್ಡದು, ಬೆನ್ನು ನುಣುಪಾಗಿತ್ತು. ನಾನು ಅಲ್ಲಿ ಒಂದು ಗಳಿಗೆ ನಿಂತೆ, ನನ್ನಿಂದಾಗಿ ಸಾಲೆಲ್ಲ ನಿಂತಿತು. ಅವಳು ಸುಳ್ಳು ಹೇಳಿರಲಿಲ್ಲ. ಬಾಯಾರು ಆಮೆಯನ್ನೂ ನನ್ನನ್ನೂ ನೋಡಿ, ಮಾಸ್ತರಿಗೆ ದಣಿವಾಗಿದೆ, ಸ್ವಲ್ಪ ನಿಲ್ಲೋಣ ಎಂದು ಎಲ್ಲರಿಗೂ ಹೇಳಿದರು.

ಮೇಲೆ ಮುಟ್ಟಿದಾಗ ಸಾವಂತ್ರೆವ್ವನ ಉಸಿರು ಸಹಜವಾಗಿತ್ತು. ನಮ್ಮೂರಿನವರು ಮೇಲೆ ಬಂದ ಕೂಡಲೇ ಕೇಳುವುದನ್ನು ಅವಳೂ ಕೇಳಿದಳು: “ಎಷ್ಟಾದ್ವು, ಮಾಸ್ತರ್ರ?”

ನನಗೆ ಗೊತ್ತಿರಲಿಲ್ಲ. ಬೀಜಗಳು ಕಿಸೆಯಲ್ಲಿ ಹಾಗೇ ಇದ್ದವು. ಒಂದು ಕೈಯನ್ನು ಅವಳು ಹಿಡಿದಿದ್ದಳು, ಇನ್ನೊಂದನ್ನು ಮೌಲಾಸಾಬರು. ತೆಗೆದು ಹಾಕಲು ಕೈ ಎಲ್ಲಿತ್ತು? ಬಾಯಲ್ಲಾದರೂ ಎಣಿಸಬಹುದಿತ್ತು, ಆಮೆ ಕಂಡ ಮೇಲೆ ಅದೂ ಮರೆತುಹೋಗಿತ್ತು. ಅವಳು ಉತ್ತರಕ್ಕೆ ಕಾಯಲಿಲ್ಲ, ಮಗಳ ಮನೆಯ ಕಡೆ ಓಡುನಡಿಗೆಯಲ್ಲಿ ಹೋದಳು. ಬಾಗಿಲಾಚೆಯಿಂದ ನೀಲವ್ವನ ದನಿ ನಮಗೂ ಕೇಳಿಸಿತು, “ಅವ್ವಾ, ಬಂದ್ಯಾ?” ದೀಪ ಹಚ್ಚುವ ಮುಂಚೆ ಹೆಣ್ಣು ಕೂಸು ಹುಟ್ಟಿತು.

ವರದಿಯನ್ನು ನಾವಿಬ್ಬರೂ ಸೇರಿ ಬರೆದೆವು. ಆ ದಿನದ ಏರಿಕೆಯನ್ನೂ ಸೇರಿಸಿದೆವು. ಕೋಷ್ಟಕದಲ್ಲಿ ಮೆಟ್ಟಿಲ ಸಂಖ್ಯೆ ಎಂಬ ಮನೆಯನ್ನು ನಾನು ಖಾಲಿ ಬಿಟ್ಟೆ, ಪಕ್ಕದ ಮನೆಯಲ್ಲಿ ಬಾಯಾರು ನೀಲವ್ವ ಅಂದ ಎರಡು ಮಾತು ಬರೆದರು. ಖಾಲಿ ಮನೆಗೆ ಅಧ್ಯಕ್ಷರು ಒಪ್ಪಲಿಲ್ಲ. ಸರಾಸರಿ ನೂರು ದಾಟದ ಕಾರಣ ಕುರ್ಚಿಯೂ ಮಂಜೂರಾಗಲಿಲ್ಲ. ನಾನು ಆ ಠರಾವಿನ ವಿರುದ್ಧ ಎರಡು ಅರ್ಜಿ ಕೊಟ್ಟಿದ್ದೇನೆ, ಮೂರನೆಯದನ್ನು ಬಾಯಾರು ಬರೆಯುತ್ತಿದ್ದಾರೆ. ಅವರ ಕನ್ನಡಕ್ಕೆ ಹೆದರಿಯಾದರೂ ಕೊಟ್ಟಾರು. ಅಲ್ಲಿಯವರೆಗೆ ಬೆಳಗಿನ ಹೊತ್ತು ಕೆಳಗಿನ ಕಟ್ಟೆಯ ಬಳಿ ನಾಲ್ಕಾರು ಜನ ಸುಮ್ಮನೆ ನಿಂತಿರುತ್ತಾರೆ, ಬೇಕಾದವರು ಕೈ ಹಿಡಿದು ಹೋಗುತ್ತಾರೆ. ಈಗ ಎಷ್ಟಾದ್ವು ಎಂದು ಯಾರಾದರೂ ಕೇಳಿದರೆ, ಯಾರ ಜೋಡಿ ಎಂದು ತಿರುಗಿ ಕೇಳುವುದು ರೂಢಿಯಾಗಿದೆ.

ಬಾಣಂತನಕ್ಕೆಂದು ಮೇಲೆಯೇ ಉಳಿದಿದ್ದ ಸಾವಂತ್ರೆವ್ವ ಮೂರು ತಿಂಗಳಾದ ಮೇಲೆ ಮಗಳನ್ನೂ ಮೊಮ್ಮಗಳನ್ನೂ ತವರಿಗೆ ಕರೆದುಕೊಂಡು ಇಳಿದಳು. ಕೂಸನ್ನು ಹೊಸ ಕೌದಿಯಲ್ಲಿ ಸುತ್ತಿ ತಾನೇ ಎದೆಗವಚಿಕೊಂಡಿದ್ದಳು. ನೀಲವ್ವ ಕೈ ಚಾಚಿದಳು. ನೀನು ಹಸಿ ಬಾಣಂತಿ, ನನ್ನ ಮೆಟ್ಟಿಲು ನಿನಗೆ ಬೇಡ, ಮುಂದೆ ನಡೆ ಎಂದು ಅವಳನ್ನು ಬೈದು ಕಳಿಸಿದಳು. ಮೇಲಿನ ಕಟ್ಟೆಯಲ್ಲಿ ಆಗ ನಾನೊಬ್ಬನೇ ಇದ್ದೆ. ಬರ್ರಿ ಮಾಸ್ತರ್ರ ಎಂದಳು. ಕೈ ಕೊಟ್ಟೆ. ಈ ಸಲ ನನ್ನ ಇನ್ನೊಂದು ಕೈ ಖಾಲಿ ಇತ್ತು, ಮೆಟ್ಟಿಲಿಗೊಂದು ಬೀಜವನ್ನು ಎಡ ಕಿಸೆಯಿಂದ ತೆಗೆದು ಬಲ ಕಿಸೆಗೆ ಹಾಕುತ್ತ ಇಳಿದೆ. ಆಮೆಯ ಹತ್ತಿರ ಮೂವರೂ ಸ್ವಲ್ಪ ಹೊತ್ತು ಕೂತೆವು. ಕೆಳಗೆ ಬಂದ ಮೇಲೆ ಅವಳು ಕಟ್ಟೆಯ ಮೇಲೆ ಕೂಸನ್ನು ತೊಡೆಗೆ ಹಾಕಿಕೊಂಡು ಕೂತಳು, ನಾನು ಪಕ್ಕದಲ್ಲಿ ಬೀಜ ಸುರಿದು ಎಣಿಸಿದೆ. ಸಂಶಯಕ್ಕೆ ಇನ್ನೊಮ್ಮೆ ಎಣಿಸಿದೆ. ಅವಳದು ಏಳುನೂರ ಹನ್ನೊಂದು, ನನ್ನದು ಒಂಬತ್ತು, ಕೂಸಿನದು ಸೊನ್ನೆ. ಸೊನ್ನೆಯೆಂದರೆ ಏನೂ ಇಲ್ಲ ಎಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆ ಏನೂ ಇಲ್ಲದ್ದು ಕೌದಿಯೊಳಗೆ ನಿದ್ದೆ ಮಾಡುತ್ತಲೇ ಮೂರರಲ್ಲಿ ಒಂದು ಪಾಲನ್ನು ಹೊತ್ತುಕೊಂಡು ಇಳಿದಿತ್ತು.

“ಎಷ್ಟಾದ್ವು?” ಎಂದಳು ಸಾವಂತ್ರೆವ್ವ.

“ಇನ್ನೂರ ನಲವತ್ತು,” ಎಂದೆ. “ಒಂದೂ ಹೆಚ್ಚಿಲ್ಲ.”

ಅವಳು ಕೂಸಿನ ಪಾದವನ್ನು ಕೌದಿಯಿಂದ ಹೊರಗೆ ತೆಗೆದು, ಅಂಗೈಯಲ್ಲಿಟ್ಟು ನೋಡಿದಳು. ಇನ್ನೂ ನೆಲ ಮುಟ್ಟದ ಪಾದ. ಮತ್ತೆ ಒಳಗೆ ಸೇರಿಸಿ ಮುಚ್ಚಿದಳು. ನಾನು ಕಿಸೆಯಲ್ಲಿದ್ದ ಶೇಂಗಾದ ಪೊಟ್ಟಣ ಬಿಚ್ಚಿ ಅವಳ ಮುಂದಿಟ್ಟೆ. ಅದರಲ್ಲಿ ಒಂದನ್ನೂ ನಾನು ತಿಂದಿರಲಿಲ್ಲ.